ಸಿಹಿ ನೊರೆವೈನ್: ರುಚಿಯೂ ರುಚಿ ನೋಡುವ ಬಗೆಯೂ

ದ್ರಾಕ್ಷಿರಸ ಹುದುಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಹೊರಗೆ ಬಿಡದೆ ತನ್ನೊಳಗೇ ಹಿಡಿದಿಟ್ಟುಕೊಂಡು, ಬಿರಡೆ ತೆಗೆದಾಗ ಗುಳ್ಳೆಯಾಗಿ ಉಕ್ಕಿಸುವ ವೈನ್ ನೊರೆವೈನ್. ಅಂಗಡಿಯಲ್ಲಿ ಇದನ್ನು ಸ್ಪಾರ್ಕ್ಲಿಂಗ್ ವೈನ್ ಎಂದು ಕೇಳಬೇಕು. ಫ್ರಾನ್ಸಿನ ಷಾಂಪೇನ್ ಇದರ ಒಂದು ಬಗೆ ಮಾತ್ರ. ಲೀಟರಿಗೆ 12 ಗ್ರಾಂಗಿಂತ ಹೆಚ್ಚು ಸಕ್ಕರೆ ಉಳಿದಿರುವ ನೊರೆವೈನುಗಳನ್ನು ಒಟ್ಟಾಗಿ ಸಿಹಿ ಕಡೆಯವು ಎಂದು ಗುರುತಿಸಬಹುದು. ಇವುಗಳಲ್ಲಿ ನಾಲಗೆಗೆ ಸಿಹಿ ಸುಳಿದಂತೆ ಮಾತ್ರ ಅನ್ನಿಸುವವೂ ಇವೆ, ತಂಪುಪಾನೀಯದಷ್ಟು ಸಕ್ಕರೆ ಇರುವವೂ ಇವೆ.

ವೈನ್ ಬಲ್ಲವರ ಕೂಟದಲ್ಲಿ ಇವುಗಳಿಗೆ ಅಷ್ಟು ಮರ್ಯಾದೆ ಇಲ್ಲ. ಹೊಸಬರು ಸಿಹಿಯಿಂದ ಶುರುಮಾಡುತ್ತಾರೆ, ಪಳಗಿದವರು ಒಗರಿಗೆ ಬರುತ್ತಾರೆ ಎಂಬ ನಂಬಿಕೆ ಗಟ್ಟಿಯಾಗಿದೆ. ಇದು ಅರ್ಧ ಸತ್ಯ. ವೈನಿನ ದೋಷವನ್ನು ಸಕ್ಕರೆಯಷ್ಟು ಚೆನ್ನಾಗಿ ಮುಚ್ಚುವ ಇನ್ನೊಂದು ವಸ್ತುವಿಲ್ಲ. ಬಲಿಯದ ಹಣ್ಣಿನ ಹಸಿ ಒಗರು, ಸೊರಗಿದ ಸುವಾಸನೆ, ಅವಸರದ ಹುದುಗು ಎಲ್ಲವೂ ಅದರ ಕೆಳಗೆ ಅಡಗಿಕೊಳ್ಳುತ್ತವೆ. ಹಾಗಾಗಿ ಒಳ್ಳೆಯ ಸಿಹಿ ನೊರೆವೈನನ್ನು ಸಾಧಾರಣದ್ದರಿಂದ ಬೇರ್ಪಡಿಸಲು ಹೆಚ್ಚು ಚುರುಕಾದ ನಾಲಗೆಯೇ ಬೇಕು.

ಕಬ್ಬು ಮತ್ತು ದ್ರಾಕ್ಷಿಯ ಸೀಮೆ

ಅಂಥ ನಾಲಗೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಗೆ ಹೊಸದಲ್ಲ. ಅಲ್ಲಿ ಅದು ಪಳಗಿರುವುದು ಬೆಲ್ಲದ ಮೇಲೆ. ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರುವಾಸಿ. ಬೆಲ್ಲದ ಪೆಂಟಿಯ ತುಣುಕು ಮುರಿದು ಬಾಯಿಗೆ ಹಾಕಿಕೊಳ್ಳುವ ವ್ಯಾಪಾರಿ ಅದು ಸಿಹಿಯೇ ಎಂದು ನೋಡುವುದಿಲ್ಲ, ಸಿಹಿ ಇದ್ದೇ ಇರುತ್ತದೆ. ಅವನು ಹುಡುಕುವುದು ಸಿಹಿಯ ಹಿಂದೆ ನಿಂತದ್ದನ್ನು: ಸವಳು ಹಿಡಿದ ಹೊಲದ ಕಬ್ಬು ಬಿಟ್ಟುಹೋದ ಉಪ್ಪಿನ ಛಾಯೆ, ಕೊಪ್ಪರಿಗೆಯಲ್ಲಿ ತಳ ಹಿಡಿದ ಕಹಿ, ಬಣ್ಣ ಬಿಳಿಚಿಸಲು ಹಾಕಿದ ಔಷಧಿಯ ಸುಳಿವು, ಹರಳಿನ ಗಟ್ಟಿತನ. ಸಿಹಿ ವೈನನ್ನು ಅಳೆಯುವ ಕ್ರಮವೂ ಇದೇ.

ಈ ಸೀಮೆಯ ಕಬ್ಬಿಗೂ ದ್ರಾಕ್ಷಿಗೂ ನೀರಿನ ಕಥೆ ಒಂದೇ. ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮ ದುಡ್ಡು ಮತ್ತು ದುಡಿಮೆ ಹಾಕಿ ಕಟ್ಟಿದ ಬ್ಯಾರೇಜು 1989ರಲ್ಲಿ ಮುಗಿಯಿತು. ಅದಕ್ಕೆ ಬಂದ ಹೆಸರು ಶ್ರಮಬಿಂದು ಸಾಗರ. ಮುಧೋಳದ ಕಡೆ ಘಟಪ್ರಭೆಯ ನೀರು. ನೀರು ನಿಂತಲ್ಲಿ ಕಬ್ಬು ಹಬ್ಬಿತು, ಹನಿ ನೀರಾವರಿ ಬಂದಲ್ಲಿ ದ್ರಾಕ್ಷಿ. ಜಮಖಂಡಿ ತಾಲ್ಲೂಕಿನ ಸಾವಳಗಿ ಭಾಗದ ತೋಟಗಳಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ. ಏಪ್ರಿಲ್ ಚಾಟ್ನಿಯಲ್ಲಿ ಕಡ್ಡಿ ತಯಾರಾಗುತ್ತದೆ, ಅಕ್ಟೋಬರ್ ಚಾಟ್ನಿಯಲ್ಲಿ ಗೊನೆ ಬರುತ್ತದೆ, ಕೊಯ್ಲು ಬೇಸಿಗೆಯ ಬಾಯಿಗೆ. ಥಾಮ್ಸನ್ ಸೀಡ್‌ಲೆಸ್, ಅದರ ಕವಲುಗಳಾದ ಸೋನಾಕಾ, ತಾಸ್-ಎ-ಗಣೇಶ, ಮಾಣಿಕ್ ಚಮನ್ ಇಲ್ಲಿನ ಪರಿಚಿತ ತಳಿಗಳು. ಹಣ್ಣು ಮಾರುಕಟ್ಟೆಗೆ ಹೋಗುತ್ತದೆ ಇಲ್ಲವೇ ಶೆಡ್ಡಿನ ಬಲೆಯ ಮೇಲೆ ಒಣಗಿ ಮಣೂಕ (ಒಣದ್ರಾಕ್ಷಿ) ಆಗುತ್ತದೆ.

ಕರ್ನಾಟಕ ಸರಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಾಗ ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯನ್ನೂ ವೈನ್ ಪ್ರದೇಶವೆಂದು ಗುರುತಿಸಿತು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳು ಈ ಕಣಿವೆಗೆ ಸೇರುತ್ತವೆ. ಆದರೆ ಮಣೂಕಕ್ಕೆ ಬೇಕಾದ ಹಣ್ಣು ಬೇರೆ, ನೊರೆವೈನಿಗೆ ಬೇಕಾದ ಹಣ್ಣು ಬೇರೆ. ಮಣೂಕದ ರೈತ ಬ್ರಿಕ್ಸ್ ಮಾಪಕದಲ್ಲಿ 22ರ ಮೇಲೆ ಸಕ್ಕರೆ ಏರಲಿ ಎಂದು ಕಾಯುತ್ತಾನೆ. ನೊರೆವೈನ್ ಮಾಡುವವನು 18ರ ಆಸುಪಾಸಿನಲ್ಲೇ, ಹುಳಿ ಇನ್ನೂ ಚುರುಕಾಗಿರುವಾಗಲೇ ಗೊನೆ ಕತ್ತರಿಸುತ್ತಾನೆ. ಬಿಸಿ ಸೀಮೆಯಲ್ಲಿ ಹಣ್ಣಿನ ಮ್ಯಾಲಿಕ್ ಆಮ್ಲ ಬೇಗ ಕರಗಿಹೋಗುತ್ತದೆ. ರಾತ್ರಿ ತಂಪಾಗದ ಕಡೆ ಇನ್ನೂ ಬೇಗ. ಸಕ್ಕರೆಯನ್ನು ಆಮೇಲೆ ಬೆರೆಸಬಹುದು. ತೋಟದಲ್ಲೇ ಕಳೆದುಹೋದ ಹುಳಿಯನ್ನು ಅಷ್ಟು ಸಹಜವಾಗಿ ಮರಳಿ ತರಲಾಗುವುದಿಲ್ಲ.

ಸಿಹಿ ಎಲ್ಲಿಂದ ಬರುತ್ತದೆ

ಯೀಸ್ಟ್ ಸಕ್ಕರೆ ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ಪೂರ್ತಿ ತಿಂದರೆ ಸಿಹಿ ಉಳಿಯುವುದಿಲ್ಲ. ಆದ್ದರಿಂದ ಸಿಹಿ ನೊರೆವೈನಿಗೆ ದಾರಿ ಎರಡು: ತಿಂದು ಮುಗಿದ ಮೇಲೆ ಸಕ್ಕರೆ ಸೇರಿಸುವುದು, ಇಲ್ಲವೇ ತಿನ್ನುವುದನ್ನು ನಡುವೆಯೇ ನಿಲ್ಲಿಸುವುದು.

ಮೊದಲನೆಯದು ಷಾಂಪೇನ್ ಪದ್ಧತಿ. ತಯಾರಾದ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಸ್ವಲ್ಪ ಯೀಸ್ಟ್ ಹಾಕಿ ಬಾಟಲಿ ಮುಚ್ಚುತ್ತಾರೆ. ಒಳಗೆ ಎರಡನೆಯ ಸಲ ಹುದುಗು ನಡೆದು ಒತ್ತಡ ಆರು ವಾತಾವರಣದಷ್ಟಾಗುತ್ತದೆ. ಸತ್ತ ಯೀಸ್ಟಿನ ಗಸಿಯನ್ನು ಬಾಟಲಿಯ ಕತ್ತಿಗೆ ಇಳಿಸಿ, ಹೆಪ್ಪುಗಟ್ಟಿಸಿ, ಹಾರಿಸಿ ತೆಗೆದ ಮೇಲೆ ಖಾಲಿಯಾದ ಜಾಗಕ್ಕೆ ಸಕ್ಕರೆ ಕರಗಿಸಿದ ವೈನ್ ತುಂಬುತ್ತಾರೆ. ಇದಕ್ಕೆ ದೊಸಾಜ್ ಎಂದು ಹೆಸರು. ಸಾಮಾನ್ಯವಾಗಿ ಬಳಸುವುದು ಕಬ್ಬಿನ ಅಥವಾ ಬೀಟ್‌ಗೆಡ್ಡೆಯ ಸಕ್ಕರೆ. ಈ ಹಂತದಲ್ಲಿ ಕೈ ಎಷ್ಟು ಧಾರಾಳವೋ ವೈನ್ ಅಷ್ಟು ಸಿಹಿ.

ಎರಡನೆಯ ದಾರಿ ಇಟಲಿಯ ಪಿಯೆಮೊಂಟೆ ಪ್ರಾಂತ್ಯದ್ದು. ಕಾರ್ಲೊ ಗಾಂಚಾ ಫ್ರಾನ್ಸಿನ ರೇಮ್ಸ್‌ನಲ್ಲಿ ಕಸುಬು ಕಲಿತು ಬಂದು, 1865ರಲ್ಲಿ ಕನೆಲ್ಲಿ ಊರಿನಲ್ಲಿ ಮಸ್ಕಟ್ ದ್ರಾಕ್ಷಿಯಿಂದ ನೊರೆವೈನ್ ಮಾಡಿದ. ತೊಂದರೆ ಏನೆಂದರೆ, ಮಸ್ಕಟ್ಟಿನ ಸಿಹಿಯನ್ನು ಉಳಿಸಿಕೊಂಡು ಬಾಟಲಿ ಮುಚ್ಚಿದರೆ ಒಳಗಿನ ಯೀಸ್ಟ್ ಮತ್ತೆ ಕೆಲಸಕ್ಕಿಳಿದು ಗಾಜು ಸಿಡಿಯುತ್ತಿತ್ತು. ಆಸ್ಟಿಯ ಪ್ರಯೋಗಕೇಂದ್ರದ ಫೆದೆರಿಕೊ ಮಾರ್ಟಿನೊಟ್ಟಿ 1895ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದ: ಹುದುಗು ನಡೆಯಲಿ, ಆದರೆ ಬಾಟಲಿಯಲ್ಲಲ್ಲ, ಒತ್ತಡ ತಡೆಯುವ ದೊಡ್ಡ ಟ್ಯಾಂಕಿನಲ್ಲಿ. ಫ್ರಾನ್ಸಿನ ಯೂಜಿನ್ ಶಾರ್ಮಾ 1907ರಲ್ಲಿ ಇದನ್ನು ತಿದ್ದಿ ಪೇಟೆಂಟ್ ಪಡೆದ. ಇಂದಿನ ಆಸ್ಟಿ ವೈನಿಗಾಗಿ ರಸವನ್ನು ಸೊನ್ನೆ ಡಿಗ್ರಿಯ ಹತ್ತಿರ ಕಾಯ್ದಿಟ್ಟು, ಬೇಕಾದಾಗ ಒಂದೇ ಸಲ ಹುದುಗಿಸಿ, ಬೇಕಾದಷ್ಟು ಸಿಹಿ ಉಳಿದಾಗ ತಟ್ಟನೆ ತಣಿಸಿ, ಯೀಸ್ಟನ್ನು ಸೋಸಿ ತೆಗೆಯುತ್ತಾರೆ. ಮದ್ಯಸಾರ ಕಡಿಮೆ, ಹಣ್ಣಿನ ವಾಸನೆ ಹೆಚ್ಚು. ಇದರ ಹತ್ತಿರದ ಬಗೆಯಾದ ಮೊಸ್ಕಾಟೊ ದಾಸ್ಟಿಯಲ್ಲಿ ಮದ್ಯಸಾರ ಶೇ 4.5ರಿಂದ 6.5 ಮಾತ್ರ, ಒತ್ತಡವೂ ಎರಡೂವರೆ ಬಾರ್ ದಾಟುವಂತಿಲ್ಲ.

ಫ್ರಾನ್ಸಿನ ಕ್ಲೇರೆಟ್ ದ ದೀ, ಬ್ಯೂಜೆ-ಸೆರ್ದೋಂ ವೈನುಗಳು ಇನ್ನೂ ಹಳೆಯ ಕ್ರಮವನ್ನು ಹಿಡಿದಿವೆ: ಅರ್ಧ ಹುದುಗಿದ ರಸವನ್ನೇ ಬಾಟಲಿಗೆ ತುಂಬಿ ಉಳಿದದ್ದನ್ನು ಅಲ್ಲೇ ನಡೆಯಲು ಬಿಡುವುದು. ಇದಲ್ಲದೆ ವೈನಿಗೆ ಹೊರಗಿನಿಂದ ಅನಿಲ ತುಂಬುವ ಅಗ್ಗದ ಉಪಾಯವೂ ಇದೆ, ಗೋಲಿ ಸೋಡಾ ತುಂಬಿದ ಹಾಗೆ. ಇದರ ಗುಳ್ಳೆ ದಪ್ಪಗಿರುತ್ತದೆ, ಬೇಗ ಸುಸ್ತಾಗುತ್ತದೆ.

ಲೇಬಲ್ಲಿನ ಮೆಟ್ಟಿಲು

ಸಿಹಿಯ ಮಟ್ಟಕ್ಕೆ ಐರೋಪ್ಯ ಒಕ್ಕೂಟ ಗೊತ್ತುಮಾಡಿದ ಪದಗಳು ಬಹುತೇಕ ಜಗತ್ತಿನ ಲೇಬಲ್ಲುಗಳಲ್ಲಿ ಕಾಣುತ್ತವೆ. ಲೀಟರಿಗೆ 12 ಗ್ರಾಂ ಒಳಗಿದ್ದರೆ ಬ್ರೂಟ್. 12ರಿಂದ 17ರವರೆಗೆ ಎಕ್ಸ್‌ಟ್ರಾ ಡ್ರೈ. 17ರಿಂದ 32ರವರೆಗೆ ಡ್ರೈ ಅಥವಾ ಸೆಕ್. 32ರಿಂದ 50ರವರೆಗೆ ಡೆಮಿ-ಸೆಕ್. 50 ದಾಟಿದರೆ ಡೂ. ಇಟಲಿಯಲ್ಲಿ ಅದಕ್ಕೆ ದೋಲ್ಚೆ ಎನ್ನುತ್ತಾರೆ. ‘ಡ್ರೈ’ ಎಂದು ಬರೆದದ್ದು ಬ್ರೂಟ್‌ಗಿಂತ ಸಿಹಿ ಎಂಬುದು ಮೊದಲ ಸಲ ಕೊಳ್ಳುವವರನ್ನೆಲ್ಲ ಮೋಸಗೊಳಿಸುತ್ತದೆ. ಇಡೀ ಜಗತ್ತು ಅತಿ ಸಿಹಿಯನ್ನೇ ಕುಡಿಯುತ್ತಿದ್ದ ಕಾಲದಲ್ಲಿ ಹುಟ್ಟಿದ ಪದಗಳಿವು. ಅಂದಿನ ಅಳತೆಯಲ್ಲಿ ಅದು ನಿಜಕ್ಕೂ ಡ್ರೈ ಆಗಿತ್ತು.

ಅಂಕಿಗಳನ್ನು ಚಮಚಕ್ಕೆ ಇಳಿಸಿ ನೋಡಬಹುದು. 35 ಗ್ರಾಮಿನ ಡೆಮಿ-ಸೆಕ್ ವೈನಿನ 150 ಮಿಲಿ ಗ್ಲಾಸಿನಲ್ಲಿ ಐದು ಗ್ರಾಂ ಚಿಲ್ಲರೆ ಸಕ್ಕರೆ, ಅಂದರೆ ಒಂದು ಚಹಾ ಚಮಚದ ಮೇಲೆ ಸ್ವಲ್ಪ. ಮೊಸ್ಕಾಟೊ ದಾಸ್ಟಿಯಲ್ಲಿ ಲೀಟರಿಗೆ ನೂರು ಗ್ರಾಂ ದಾಟುವುದು ಸಾಮಾನ್ಯ, ಕೋಲಾದ ಮಟ್ಟವೇ ಅದು. ಆದರೂ ಒಳ್ಳೆಯ ಮೊಸ್ಕಾಟೊ ಕೋಲಾದಂತೆ ಬಾಯಿಗೆ ಅಂಟುವುದಿಲ್ಲ. ಮಧುಮೇಹ ಇರುವವರಿಗೆ ಮಾತ್ರ ಅಂಟುವುದು ಬಿಡುವುದು ಮುಖ್ಯವಲ್ಲ, ಗ್ರಾಂ ಲೆಕ್ಕವೇ ಮುಖ್ಯ.

ಝಾರ್ ದೊರೆಯ ಬಾಟಲಿ

ಹತ್ತೊಂಬತ್ತನೆಯ ಶತಮಾನದ ಬಹುಪಾಲು ಷಾಂಪೇನ್ ಎಂದರೆ ಸಿಹಿಯೇ. ಮಾರುಕಟ್ಟೆಗೆ ತಕ್ಕ ಹಾಗೆ ದೊಸಾಜ್ ಬದಲಾಗುತ್ತಿತ್ತು. ರಷ್ಯಾದವರದು ಎಲ್ಲರಿಗಿಂತ ಸಿಹಿ, ಇಂಗ್ಲೆಂಡಿನವರದು ಕಡಿಮೆ. ಲೂಯಿ ರೋಡರೆರ್ ಮನೆತನ 1876ರಲ್ಲಿ ರಷ್ಯಾದ ಝಾರ್ ಎರಡನೆಯ ಅಲೆಕ್ಸಾಂಡರನಿಗಾಗಿ ಮಾಡಿದ ಕ್ರಿಸ್ಟಲ್ ಕೂಡ ಸಿಹಿ ಷಾಂಪೇನೇ. ಅದಕ್ಕೆ ಎರಡು ವರ್ಷ ಹಿಂದಿನ 1874ರ ಬೆಳೆಯಿಂದ ಮದಾಂ ಪೊಮೆರಿ ತಂದ ಬ್ರೂಟ್ ಇಂಗ್ಲಿಷರ ಊಟದ ಮೇಜಿನಲ್ಲಿ ಗೆದ್ದಿತು. ಕ್ರಮೇಣ ಲೋಕದ ರುಚಿ ಆ ಕಡೆ ವಾಲಿತು. 1917ರ ಕ್ರಾಂತಿಯೊಂದಿಗೆ ಫ್ರಾನ್ಸಿನ ಸಿಹಿ ಷಾಂಪೇನಿನ ದೊಡ್ಡ ಗಿರಾಕಿ ಇಲ್ಲವಾದ. ರಷ್ಯಾದ ಬಾಯಿರುಚಿ ಮಾತ್ರ ಬದಲಾಗಲಿಲ್ಲ. ಸ್ಟಾಲಿನ್ ಕಾಲದಲ್ಲಿ ಆಂಟನ್ ಫ್ರೊಲೊವ್-ಬಾಗ್ರೇವ್ ಎಂಬ ರಸಾಯನತಜ್ಞ ಟ್ಯಾಂಕ್ ಪದ್ಧತಿಯಲ್ಲಿ ‘ಸೋವಿಯೆತ್ ಷಾಂಪೇನ್’ ತಯಾರಿಕೆಯನ್ನು ಬೆಳೆಸಿದ, ಅದರ ಅರೆಸಿಹಿ ಬಗೆ ಜನರ ಹೊಸವರ್ಷದ ಪಾನೀಯವಾಯಿತು.

ಅರಸನಾಗಲಿ ಕಾರ್ಮಿಕನಾಗಲಿ, ಸಿಹಿ ಬೇಕೆಂದವರಿಗೆ ರುಚಿ ಗೊತ್ತಿರಲಿಲ್ಲ ಎನ್ನುವುದು ಆಮೇಲಿನವರ ಸೊಕ್ಕು.

ರುಚಿ ನೋಡುವ ಕ್ರಮ

ಸಿಹಿ ನೊರೆವೈನಿನ ರುಚಿ ನಿಂತಿರುವುದು ಸಕ್ಕರೆ, ಹುಳಿ, ಗುಳ್ಳೆ ಈ ಮೂರರ ಹೊಂದಾಣಿಕೆಯ ಮೇಲೆ. ಇದನ್ನು ವೈನಿಲ್ಲದೆಯೂ ಅರಿಯಬಹುದು. ಈ ಸೀಮೆಯ ಅನೇಕ ಮನೆಗಳಲ್ಲಿ ಮದ್ಯಕ್ಕೆ ಹೊಸ್ತಿಲು ದಾಟುವ ಅಪ್ಪಣೆಯೇ ಇಲ್ಲವಲ್ಲ. ಮೂರು ಲೋಟಗಳಲ್ಲಿ ಅಷ್ಟಷ್ಟೇ ಸಕ್ಕರೆ ಕರಗಿಸಬೇಕು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಲಿಂಬೆರಸ ಬೆರೆಸಿದ ನೀರು, ಮತ್ತೊಂದರಲ್ಲಿ ಲಿಂಬೆಯೊಂದಿಗೆ ಸೋಡಾ. ಸಕ್ಕರೆ ಮೂರರಲ್ಲೂ ಒಂದೇ, ಆದರೆ ಮೂರನೆಯದು ಮೊದಲನೆಯದಕ್ಕಿಂತ ಎಷ್ಟೋ ಕಡಿಮೆ ಸಿಹಿ ಅನ್ನಿಸುತ್ತದೆ. ಇಂಗಾಲದ ಡೈಆಕ್ಸೈಡ್ ಕೇವಲ ಚುಚ್ಚುವ ಅನಿಲವಲ್ಲ. ನಾಲಗೆಯ ಹುಳಿ ಗ್ರಹಿಸುವ ಕೋಶಗಳಲ್ಲಿರುವ ಒಂದು ಕಿಣ್ವ ಅದನ್ನು ಆಮ್ಲವಾಗಿ ಬದಲಿಸುವುದರಿಂದ ಅದಕ್ಕೆ ತನ್ನದೇ ರುಚಿಯಿದೆ ಎಂದು 2009ರ ಸಂಶೋಧನೆಯೊಂದು ತೋರಿಸಿತು.

ವೈನನ್ನು 6ರಿಂದ 8 ಡಿಗ್ರಿಗೆ ತಣಿಸಬೇಕು. ಬಾಗಲಕೋಟೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಫ್ರಿಜ್ಜಿನಿಂದ ತೆಗೆದ ಬಾಟಲಿ ಕೆಲವೇ ನಿಮಿಷದಲ್ಲಿ ಬೆಚ್ಚಗಾಗುತ್ತದೆ; ನೀರು, ಐಸು ಎರಡನ್ನೂ ಹಾಕಿದ ಬಕೆಟ್ಟು ಹತ್ತಿರವಿದ್ದರೆ ಒಳ್ಳೆಯದು. ಬೆಚ್ಚಗಿನ ಬಾಟಲಿ ಬಿಚ್ಚಿದರೆ ಅರ್ಧ ವೈನ್ ನೆಲಕ್ಕೆ. ತಂತಿಯ ಕುಣಿಕೆ ಸಡಿಲಿಸಿದ ಕ್ಷಣದಿಂದ ಬಿರಡೆಯ ಮೇಲೆ ಹೆಬ್ಬೆರಳು ಇರಲೇಬೇಕು, ಬಾಟಲಿಯ ಬಾಯಿ ಯಾರ ಮುಖದ ಕಡೆಗೂ ಇರಬಾರದು. ಓರೆಯಾಗಿ ಹಿಡಿದು, ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನೇ ತಿರುಗಿಸಿದರೆ ಸಣ್ಣ ಉಸಿರಿನ ಸದ್ದಿನೊಂದಿಗೆ ಬಿಚ್ಚಿಕೊಳ್ಳುತ್ತದೆ. ಸಿನಿಮಾದ ಢಮಾರ್ ಸದ್ದು ಗುಳ್ಳೆಯ ನಷ್ಟ, ಕೆಲವೊಮ್ಮೆ ಕಣ್ಣಿನದೂ.

ಕಡ್ಡಿಯಂಥ ಉದ್ದ ಗ್ಲಾಸಿನಲ್ಲಿ ಗುಳ್ಳೆ ಚೆಂದ ಕಾಣುತ್ತದೆ, ವಾಸನೆ ಸಿಗುವುದಿಲ್ಲ. ಅಗಲ ಬಾಯಿಯ ತಟ್ಟೆಗ್ಲಾಸಿನಲ್ಲಿ ಎರಡೂ ಹಾರಿಹೋಗುತ್ತವೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸು ಸರಿ. ಮೂರನೇ ಒಂದು ಪಾಲು ಸುರಿದರೆ ಸಾಕು. ಹಲವು ವೈನುಗಳಿದ್ದರೆ ಕಡಿಮೆ ಸಿಹಿಯಿಂದ ಹೆಚ್ಚು ಸಿಹಿಗೆ ಹೋಗಬೇಕು. ತಿರುಗುಮುರುಗಾದರೆ ಬ್ರೂಟ್ ಬಡಪಾಯಿಯಂತೆ ಕಾಣುತ್ತದೆ. ನಡುನಡುವೆ ನಾಲಗೆ ತೊಳೆಯಲು ನೀರು ಮತ್ತು ಉಪ್ಪಿಲ್ಲದ ಜೋಳದ ರೊಟ್ಟಿಯ ತುಣುಕಿಗಿಂತ ಒಳ್ಳೆಯದು ಬೇರೆ ಬೇಕಿಲ್ಲ.

ಮೊದಲು ಮೂಗು. ಮಸ್ಕಟ್ ಕುಲದ ವೈನಿನಲ್ಲಿ ಗುಲಾಬಿ, ಕಿತ್ತಳೆ ಹೂವು, ಹಣ್ಣಾದ ಪೀಚ್ ವಾಸನೆಗಳು ಮುಂದಾಗಿ ಬರುತ್ತವೆ. ಲಿನಲೂಲ್, ಜೆರಾನಿಯೋಲ್ ಎಂಬ ಸುಗಂಧ ವಸ್ತುಗಳು ಇದಕ್ಕೆ ಕಾರಣ. ಜೆರಾನಿಯೋಲ್ ಗುಲಾಬಿಯಲ್ಲೂ ಇದೆ. ಈ ವಾಸನೆಯನ್ನು ಗುರುತು ಹಿಡಿಯಲು ಇಟಲಿಗೆ ಹೋಗಬೇಕಾಗಿಲ್ಲ. ತಮಿಳುನಾಡಿನ ಕಂಬಂ ಕಣಿವೆಯಿಂದ ಬರುವ ಪನ್ನೀರ್ ದ್ರಾಕ್ಷಿ ಮಸ್ಕಟ್ ಹ್ಯಾಂಬರ್ಗ್ ತಳಿಯದು, 2023ರಲ್ಲಿ ಭೌಗೋಳಿಕ ಗುರುತು ಪಡೆದದ್ದು. ಅದನ್ನು ತಿಂದವರ ನೆನಪಿನಲ್ಲಿ ಈ ಸುವಾಸನೆ ಆಗಲೇ ಇದೆ. ಇಟಲಿಯ ಕೆಂಪು ಬ್ರಾಕೆಟ್ಟೊ ದಾಕ್ವಿಯಲ್ಲಿ ಗುಲಾಬಿಯ ಜೊತೆ ಸ್ಟ್ರಾಬೆರಿ, ಎಮಿಲಿಯಾದ ಸಿಹಿ ಲಾಂಬ್ರುಸ್ಕೊದಲ್ಲಿ ಚೆರ್ರಿಯ ಜೊತೆ ಸಣ್ಣ ಒಗರು. ಬಾಟಲಿಯಲ್ಲಿ ವರ್ಷಗಟ್ಟಲೆ ಗಸಿಯ ಮೇಲಿದ್ದ ಡೆಮಿ-ಸೆಕ್ ಷಾಂಪೇನಿನಲ್ಲಿ ಹಣ್ಣಿಗಿಂತ ಹೆಚ್ಚಾಗಿ ಕಾಯಿಸಿದ ಬ್ರೆಡ್ಡು, ಹುರಿದ ಬಾದಾಮಿ.

ಬಾಯಿಯಲ್ಲಿ ಗಮನಿಸಬೇಕಾದದ್ದು ಸಿಹಿ ಬರುವ ಹೊತ್ತಲ್ಲ, ಹೋಗುವ ಹೊತ್ತು. ನುಂಗಿದ ಮೇಲೆ ಜೊಲ್ಲೂರಿದರೆ ಹುಳಿ ತನ್ನ ಕೆಲಸ ಮಾಡಿದೆ. ನಾಲಗೆಯ ಮೇಲೆ ಪಾಕದ ಪದರ ಉಳಿದು ನೀರು ಬೇಕೆನಿಸಿದರೆ ಮಾಡಿಲ್ಲ. ಗುಳ್ಳೆ ಸಣ್ಣದಾಗಿ ಹರಡಿಕೊಂಡಿದೆಯೋ ಚುಚ್ಚಿ ಮಾಯವಾಯಿತೋ, ಸಿಹಿ ಆರಿದ ಮೇಲೂ ಹಣ್ಣಿನ ನೆನಪು ಉಳಿಯಿತೋ ಎಂಬುದನ್ನು ಆಮೇಲೆ ನೋಡಬೇಕು.

ತಣ್ಣಗಿದ್ದಾಗ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಅದೇ ಗ್ಲಾಸನ್ನು 12 ಡಿಗ್ರಿಗೆ ಏರಲು ಬಿಟ್ಟು ಇನ್ನೊಂದು ಗುಟುಕು ಕುಡಿದರೆ, ಸಕ್ಕರೆಯ ಹಿಂದೆ ಅಡಗಿದ್ದೆಲ್ಲ ಹೊರಗೆ ಬರುತ್ತದೆ. ಬೆಚ್ಚಗಾದ ಮೇಲೂ ಹಗುರವಾಗಿ ನಿಂತ ಸಿಹಿ ನೊರೆವೈನು ನಿಜಕ್ಕೂ ಒಳ್ಳೆಯದು. ತೀರಾ ತಣ್ಣಗೆ ಕುಡಿಯಿರಿ ಎಂದು ಬಾಟಲಿಯೇ ಒತ್ತಾಯಿಸುತ್ತಿದ್ದರೆ ಸ್ವಲ್ಪ ಅನುಮಾನಪಡುವುದು ಲೇಸು.

ಭಜಿ, ಕರದಂಟು, ಹೋಳಿಗೆ

ಖಾರಕ್ಕೆ ಸಿಹಿ ವೈನು ಒಗ್ಗುತ್ತದೆ ಎಂಬ ಮಾತು ನಿಜ, ಆದರೆ ಮಿತಿಯುಂಟು. ಸಕ್ಕರೆ ಮೆಣಸಿನಕಾಯಿಯ ಉರಿಯನ್ನು ತಗ್ಗಿಸುತ್ತದೆ, ಮದ್ಯಸಾರ ಹೆಚ್ಚಿಸುತ್ತದೆ, ಗುಳ್ಳೆಯೂ ಒಂದಿಷ್ಟು ಕೆರಳಿಸುತ್ತದೆ. ಆದ್ದರಿಂದ ಮಿರ್ಚಿ ಭಜಿ, ಗಿರ್ಮಿಟ್ಟಿನ ಜೊತೆ ಮದ್ಯಸಾರ ಕಡಿಮೆಯಿರುವ, ಗುಳ್ಳೆ ಮೆದುವಾದ ಮೊಸ್ಕಾಟೊ ಬಗೆಯೇ ಸರಿ. ಶೇ 12 ಮದ್ಯಸಾರದ ಡೆಮಿ-ಸೆಕ್ ಅಲ್ಲ. ಭಜಿಯ ಎಣ್ಣೆಯನ್ನು ಹುಳಿ ಕತ್ತರಿಸುತ್ತದೆ. ಎಣ್ಣೆಗಾಯಿ ಬದನೆಗೆ, ಶೇಂಗಾ ಚಟ್ನಿಗೆ ಎಕ್ಸ್‌ಟ್ರಾ ಡ್ರೈ ಮಟ್ಟದ ಇಟಲಿಯ ಪ್ರೊಸೆಕ್ಕೊ ಹೊಂದೀತು. ಕೆಂಪು ಮೆಣಸಿನಕಾಯಿಯ ರಂಜಕದ ಮುಂದೆ ಮಾತ್ರ ಯಾವ ವೈನೂ ನಿಲ್ಲಲಾರದು. ಅದಕ್ಕೆ ಮೊಸರೇ ಗತಿ.

ಸಿಹಿತಿಂಡಿಯ ಜೊತೆಗಿನ ನಿಯಮ ಸರಳ: ವೈನು ತಿಂಡಿಗಿಂತ ಸಿಹಿ ಇರಬೇಕು. ಇಲ್ಲದಿದ್ದರೆ ವೈನು ಹುಳಿನೀರಾಗುತ್ತದೆ. ಈ ಅಳತೆಯಲ್ಲಿ ಉತ್ತರ ಕರ್ನಾಟಕದ ಸಿಹಿ ವೈನಿಗೆ ಕಠಿಣ ಪರೀಕ್ಷೆ. ತುಪ್ಪ ಸುರಿದ ಹೂರಣದ ಹೋಳಿಗೆಯ ಮುಂದೆ ಡೆಮಿ-ಸೆಕ್ ಸೋಲುತ್ತದೆ. ಶೇಂಗಾ ಹೋಳಿಗೆಯಲ್ಲಿ ಹುರಿದ ಶೇಂಗಾದ ಒಗರು ಸ್ವಲ್ಪ ಸಹಾಯಕ್ಕೆ ಬರುತ್ತದೆ. ಅಮೀನಗಡದ ಕರದಂಟಿನಲ್ಲಿ ಅಂಟು, ಒಣಹಣ್ಣು, ಬೆಲ್ಲ ಎಲ್ಲ ಇದ್ದರೂ ಅಗಿಯುವ ಕೆಲಸ ಹೆಚ್ಚು, ಸಿಹಿ ನಿಧಾನಕ್ಕೆ ಬಿಡುತ್ತದೆ. ಅದರ ಜೊತೆ ಬ್ರಾಕೆಟ್ಟೊ ಅಥವಾ ಸಿಹಿ ಆಸ್ಟಿ ಸಮಬಲದಲ್ಲಿ ನಿಲ್ಲಬಲ್ಲದು. ಇನ್ನು ಮಾದಲಿಗೆ ಹಾಲೇ ಜೊತೆ, ವೈನಿನ ಉಸಾಬರಿ ಬೇಡ.

ಕೊಳ್ಳುವುದು ಮತ್ತು ಇಡುವುದು

ಕರ್ನಾಟಕದಲ್ಲಿ ಸಿಹಿ ವೈನ್ ಎಂದರೆ ಬಹುಕಾಲ ‘ಪೋರ್ಟ್’ ಹೆಸರಿನ ಕೆಂಪು ವೈನೇ ಆಗಿತ್ತು. ಬೆಂಗಳೂರು ನೀಲಿ ದ್ರಾಕ್ಷಿಯ ಗಾಢ ವಾಸನೆ ಇಂಥ ಸಿಹಿ ವೈನಿನಲ್ಲಿ ಎದ್ದು ಕಾಣುತ್ತದೆ. ಭಾರತದ ನೊರೆವೈನಿಗೆ ಹೆಸರು ತಂದದ್ದು 1980ರ ದಶಕದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವದಲ್ಲಿ ಶಾಮರಾವ್ ಚೌಗುಲೆಯವರ ಇಂಡೇಜ್ ಕಂಪನಿ ಮಾಡಿದ ಒಮರ್ ಖಯ್ಯಾಮ್. ಈಗ ನಾಸಿಕದ ಸುಲಾ, ಶಾಂದೋಂ, ಗ್ರೋವರ್ ಜಂಪಾದ ಸ್ವಾರೆ, ಸೊಲ್ಲಾಪುರ ಜಿಲ್ಲೆಯ ಅಕಲೂಜದ ಫ್ರಾಟೆಲ್ಲಿ ಮುಂಚೂಣಿಯಲ್ಲಿವೆ. ಜಮಖಂಡಿಗೆ ಅಕಲೂಜ ನಾಸಿಕಕ್ಕಿಂತ ಎಷ್ಟೋ ಹತ್ತಿರ. ಈ ಕಂಪನಿಗಳ ಪಟ್ಟಿಯಲ್ಲಿ ಬ್ರೂಟ್‌ನದೇ ಮೇಲುಗೈ. ಶೆನಿನ್ ಬ್ಲಾಂಕ್ ದ್ರಾಕ್ಷಿ ಬಿಸಿ ಸೀಮೆಯಲ್ಲೂ ಹುಳಿ ಉಳಿಸಿಕೊಳ್ಳುವುದರಿಂದ ಭಾರತದ ನೊರೆವೈನಿನ ಬೆನ್ನೆಲುಬಾಗಿದೆ. ಅದೇ ಹುಳಿಯ ಮೇಲೆ ಧೈರ್ಯವಾಗಿ ಸಕ್ಕರೆ ಹೇರಿದ ಡೆಮಿ-ಸೆಕ್ ಇಲ್ಲಿನ ಊಟಕ್ಕೆ ಬ್ರೂಟ್‌ಗಿಂತ ಹೆಚ್ಚು ಸಲ್ಲುತ್ತಿತ್ತು. ತಯಾರಕರು ಪ್ಯಾರಿಸ್ಸಿನ ಮೇಜನ್ನು ನೋಡುತ್ತಾ ಇಲ್ಲಿನ ತಾಟನ್ನು ಮರೆತಂತಿದೆ.

ಮೊಸ್ಕಾಟೊ ಬಗೆಯವು ಬೆಳೆದ ಒಂದೆರಡು ವರ್ಷದೊಳಗೆ ಕುಡಿದು ಮುಗಿಸಬೇಕಾದವು. ಹಳೆಯದಾದಷ್ಟೂ ಹೂವಿನ ವಾಸನೆ ಹೋಗಿ ಬರೀ ಸಿಹಿ ಉಳಿಯುತ್ತದೆ. ಲೇಬಲ್ಲಿನ ವರ್ಷ ನೋಡದೆ ಕೊಳ್ಳಬಾರದು. ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಫ್ಯಾನಿನ ಕೆಳಗೆ, ಟ್ಯೂಬ್‌ಲೈಟಿನ ಮುಂದೆ ತಿಂಗಳುಗಟ್ಟಲೆ ನಿಂತ ಬಾಟಲಿಯಲ್ಲಿ ಏಟು ತಿಂದ ಸೇಬಿನ ಕಂದು ವಾಸನೆ ಬಂದರೆ ಅದು ಗಾಳಿ ಮತ್ತು ಶಾಖದ ಕೆಲಸ. ಬೇಯಿಸಿದ ಕೋಸಿನ ವಾಸನೆ ಬಂದರೆ ಬೆಳಕಿನದು. ಒದ್ದೆ ರಟ್ಟಿನ ವಾಸನೆ ಕೆಟ್ಟ ಬಿರಡೆಯದು. ಬಣ್ಣವಿಲ್ಲದ ಗಾಜಿನಲ್ಲಿ ತುಂಬುವ ಕ್ರಿಸ್ಟಲ್ ಬಾಟಲಿಗೆ ಇಂದಿಗೂ ಕಿತ್ತಳೆ ಬಣ್ಣದ ಹಾಳೆ ಸುತ್ತಿರುವುದು ಬೆಳಕನ್ನು ತಡೆಯಲೆಂದೇ. ಬಿಚ್ಚಿದ ಬಾಟಲಿಗೆ ನೊರೆವೈನಿನದೇ ಹಿಡಿಕೆಯ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ದಿನ ಗುಳ್ಳೆ ಉಳಿಯುತ್ತದೆ. ಬಾಯಿಗೆ ಚಮಚ ಇಳಿಬಿಟ್ಟರೆ ಗುಳ್ಳೆ ಹೋಗುವುದಿಲ್ಲ ಎಂಬುದು ಜನಪ್ರಿಯ ನಂಬಿಕೆ ಅಷ್ಟೇ; ಗುಳ್ಳೆಯನ್ನು ಹಿಡಿಯುವುದು ತಂಪು, ಚಮಚವಲ್ಲ.